ಕಾರಿನ ಎಣ್ಣೆ ಬದಲಿಸಲು ನಿಮಗೇಕೆ ಹೆದರಿಕೆ?

ಬೋಂಡ ಕರಿದ ಎಣ್ಣೆಯನ್ನು ನೀವು ಎಷ್ಟು ಸಲ ಒಲೆಗೆ ಇಡುತ್ತೀರಿ? ಒಂದು ಸಲ, ಬಹಳವಾದರೆ ಎರಡು ಸಲ, ಅಲ್ಲವೇ? ಬಣ್ಣ ಕಪ್ಪಾಗಿ, ನೊರೆ ಬಂದು, ಗಾಟು ವಾಸನೆ ಹೊಡೆಯತೊಡಗಿದರೆ ಯಾವ ಜಾಣ ಗೃಹಿಣಿಯೂ ಅದರಲ್ಲಿ ಮತ್ತೆ ಹಪ್ಪಳ ಕರಿಯುವುದಿಲ್ಲ. ಬಾಣಲೆಯ ಎಣ್ಣೆಯ ಬಗ್ಗೆ ಇಷ್ಟು ಜಾಗರೂಕರಾದ ನಾವು, ಅಂಗಳದಲ್ಲಿ ನಿಂತ ಕಾರಿನ ಹೊಟ್ಟೆಯಲ್ಲಿರುವ ಎಣ್ಣೆಯ ಬಣ್ಣ ಯಾವುದೆಂದು ಒಂದು ದಿನವಾದರೂ ನೋಡಿದ್ದೇವೆಯೇ?

"ಅಯ್ಯೋ, ಅದೆಲ್ಲ ನಮ್ಮ ಯಜಮಾನರು ನೋಡ್ಕೋತಾರೆ" ಎನ್ನುತ್ತೀರೇನೋ. ಹೋದ ವರ್ಷದವರೆಗೆ ನಾನೂ ಹಾಗೇ ಎನ್ನುತ್ತಿದ್ದೆ. ಕಾರು ಓಡಿಸಲು ಕಲಿತಿದ್ದೆ, ಲೈಸೆನ್ಸೂ ಇತ್ತು. ಆದರೆ ಬಾನೆಟ್ಟನ್ನು ಎತ್ತುವುದು ಹೇಗೆಂದು ಗೊತ್ತಿರಲಿಲ್ಲ! ಆಯುಧಪೂಜೆಯ ದಿನ ಕಾರು ತೊಳೆದು, ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರೆ ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡಿದ್ದೆ.

ಅತ್ತೆಯವರ ಒಂದು ಮಾತು

ನಮ್ಮದು ಕನಕಪುರ. ಮನೆಯವರಿಗೆ ಕೆಲಸ ದೂರದ ಊರಿನಲ್ಲಿ, ಬರುವುದು ತಿಂಗಳಿಗೆ ಎರಡು ಸಲ. ನಮ್ಮತ್ತೆಯವರಿಗೆ ಕಣ್ಣಿನ ತೊಂದರೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದೊಯ್ದು ತೋರಿಸಲೇಬೇಕು. ಹೋಗಿಬರುವುದು ನೂರು ಕಿಲೋಮೀಟರಿಗೂ ಮೇಲೆ. ಬಸ್ಸಿನಲ್ಲಿ ಅವರಿಗೆ ಆಗುವುದಿಲ್ಲ. ಹೀಗಾಗಿ ಆ ಚಿಕ್ಕ ಕಾರೇ ನಮಗೆ ಆಧಾರ.

ಹೋದ ವರ್ಷ ಒಂದು ಕಡೆ ಕಾರನ್ನು ಸರ್ವೀಸಿಗೆ ಬಿಟ್ಟೆ. ಎಣ್ಣೆ ಬದಲಿಸಿ ಕೊಟ್ಟರು. ಮರುದಿನದಿಂದ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗ, ಕಾರು ನಿಲ್ಲುವ ಜಾಗದಲ್ಲಿ ರೂಪಾಯಿ ಅಗಲದ ಕಪ್ಪು ಚುಕ್ಕೆ ಕಾಣಿಸತೊಡಗಿತು. "ಏನೋ ಚೆಲ್ಲಿದೆ" ಎಂದು ಮೂರು ದಿನವೂ ಪೊರಕೆಯಿಂದ ತಿಕ್ಕಿ ತೊಳೆದೆ. ಆ ಚುಕ್ಕೆ ನನಗೆ ಏನೋ ಹೇಳುತ್ತಿದೆ ಎಂದು ಹೊಳೆಯಲೇ ಇಲ್ಲ!

ನಾಲ್ಕನೆಯ ದಿನ ಬೆಂಗಳೂರಿನಿಂದ ಹಿಂದಿರುಗುತ್ತಿದ್ದೆವು. ಹಾರೋಹಳ್ಳಿ ದಾಟಿದ ಮೇಲೆ ಎದುರಿನ ಗಾಜಿನಲ್ಲಿ ಒಂದು ಕೆಂಪು ದೀಪ ಹತ್ತಿತು. ಮೂತಿಯಿರುವ ಗಿಂಡಿಯ ಚಿತ್ರ, ಮೂತಿಯಿಂದ ಒಂದು ತೊಟ್ಟು ಬೀಳುತ್ತಿರುವ ಹಾಗೆ. ಕಾರು ಮಾತ್ರ ಚೆನ್ನಾಗಿಯೇ ಓಡುತ್ತಿತ್ತು. ಮನೆ ಇನ್ನೇನು ಹತ್ತಿರ, ನಾಳೆ ಯಾರಿಗಾದರೂ ತೋರಿಸೋಣ ಎಂದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಅತ್ತೆ, ಕಣ್ಣಿಗೆ ಔಷಧಿ ಹಾಕಿಸಿಕೊಂಡು ಎಲ್ಲ ಮಂಜಾಗಿ ಕಾಣುತ್ತಿದ್ದರೂ, ಆ ಕೆಂಪನ್ನು ಕಂಡುಹಿಡಿದರು.

"ಅದೇನೇ ಕೆಂಪಗೆ ಉರೀತಿರೋದು?"

"ಏನೋ ಗೊತ್ತಿಲ್ಲ ಅತ್ತೆ. ಮನೆಗೆ ಹೋಗಿ ನೋಡೋಣ."

"ಕೆಂಪು ದೀಪ ಅಂದ್ರೆ ನಿಲ್ಸು ಅಂತ ತಾನೇ? ನಿಲ್ಸು ಮತ್ತೆ!"

ನಿಲ್ಲಿಸಿದೆ. ಆ ಒಂದು ಮಾತು ನಮ್ಮ ಇಂಜಿನ್ನನ್ನು ಉಳಿಸಿತು.

ನಮ್ಮ ಪಕ್ಕದ ಮನೆಯವರು ಸಾರಿಗೆ ಸಂಸ್ಥೆಯ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಬೀದಿಯ ಮಕ್ಕಳಿಗೆಲ್ಲ ಅವರು 'ಡಿಪೊ ಮಾವ'. ಫೋನು ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಎಣ್ಣೆ ಡಬ್ಬಿ ಹಿಡಿದು ಸ್ಕೂಟರಿನಲ್ಲಿ ಬಂದರು. ಬಾನೆಟ್ಟೆತ್ತಿ ಒಂದು ಕಡ್ಡಿಯನ್ನು ಎಳೆದು ನೋಡಿದರು. ಕಡ್ಡಿಯ ತುದಿಯಲ್ಲಿ ಎಣ್ಣೆಯ ಸುಳಿವೇ ಇಲ್ಲ! ಕಾರಿನಡಿ ಬಗ್ಗಿ ನೋಡಿದರೆ, ಎಣ್ಣೆ ಇಳಿಸುವ ಬೋಲ್ಟು ಕೈಯಲ್ಲಿ ತಿರುಗುವಷ್ಟು ಸಡಿಲ. ಸರ್ವೀಸು ಮಾಡಿದವರು ಬಿಗಿ ಮಾಡುವುದನ್ನು ಮರೆತಿದ್ದರು.

"ನೋಡವ್ವ, ಇನ್ನೊಂದ್ ಎರಡ್ ಮೂರ್ ಮೈಲಿ ಓಡಿಸಿದ್ದಿದ್ರೆ ಇಂಜಿನ್ನೇ ಹಿಡ್ಕೊಬುಡ್ತಿತ್ತು. ಆಮ್ಯಾಕೆ ಸಾವ್ರಗಟ್ಟಲೆ ಸುರೀಬೇಕಿತ್ತು. ನಿಮ್ಮತ್ತೆ ಪುಣ್ಯ" ಎಂದರು. ಬೋಲ್ಟು ಬಿಗಿದು, ಎಣ್ಣೆ ತುಂಬಿಸಿ, ಇಂಜಿನ್ ಹಾಕಿ ಕಿವಿಗೊಟ್ಟು ಕೇಳಿ, "ಏನಾಗಿಲ್ಲ, ನಡಿ" ಎಂದರು. ಹೊರಡುವ ಮುಂಚೆ ಮತ್ತೊಂದು ಮಾತು: "ಮುಂದಿನ್ ಸಲ ನೀನೇ ಬದಲಾಯಿಸ್ತೀಯ. ನಾ ಪಕ್ಕದಲ್ ನಿಂತಿರ್ತೀನಿ, ಕೈ ಮಾತ್ರ ಹಾಕಾಕಿಲ್ಲ!"

ಎಣ್ಣೆಗೆ ಅಲ್ಲೇನು ಕೆಲಸ?

ಇಂಜಿನ್ನಿನೊಳಗೆ ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುತ್ತಿರುತ್ತವೆ. ಮೀಟರಿನ ಮುಳ್ಳು ನಿಮಿಷಕ್ಕೆ 2000 ಸುತ್ತು ಎಂದು ತೋರಿಸಿದರೆ ಒಂದೊಂದು ಪಿಸ್ಟನ್ನೂ ನಿಮಿಷದಲ್ಲಿ ಎರಡು ಸಾವಿರ ಸಲ ಹತ್ತಿ ಇಳಿಯಿತು ಎಂದು ಅರ್ಥ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಏನು ಗತಿ? ನಡುವೆ ತೆಳ್ಳನೆಯ ಎಣ್ಣೆಯ ಪೊರೆ ನಿಂತು ಅವನ್ನು ಬೇರೆ ಬೇರೆ ಇಡುತ್ತದೆ. ಅಷ್ಟೇ ಅಲ್ಲ, ಒಳಗಿನ ಶಾಖವನ್ನು ಹೊತ್ತು ತರುತ್ತದೆ, ಮಸಿಯನ್ನು ತೊಳೆಯುತ್ತದೆ, ತುಕ್ಕು ಹಿಡಿಯದಂತೆ ಕಾಯುತ್ತದೆ. ಇಷ್ಟೆಲ್ಲ ದುಡಿದು ದುಡಿದು, ಬೋಂಡ ಕರಿದ ಎಣ್ಣೆಯಂತೆಯೇ ಅದೂ ಸೋಲುತ್ತದೆ. ಕೊಳೆ ತುಂಬಿ ಕಪ್ಪಾಗುತ್ತದೆ. ಆದ್ದರಿಂದ ಬದಲಿಸಬೇಕು. ಈಗಿನ ಅನೇಕ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ. ಹಳೆಯ ಕಾರುಗಳಿಗೆ ಇನ್ನೂ ಬೇಗ. ನಿಮ್ಮ ಕಾರಿಗೆ ಎಷ್ಟು ಎಂಬುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಅದನ್ನು ಹುಡುಕಿ ತೆಗೆಯುವುದೇ ನಿಮ್ಮ ಮೊದಲ ಪಾಠ!

ಯಾವ ಎಣ್ಣೆ ಎಂಬುದೂ ಅದರಲ್ಲೇ ಇರುತ್ತದೆ. ಡಬ್ಬಿಯ ಮೇಲೆ 5 ಡಬ್ಲ್ಯು-30, 20 ಡಬ್ಲ್ಯು-40 ಎಂಬಂಥ ಅಂಕಿಗಳು. ನೋಡಿದರೆ ತಲೆ ತಿರುಗುತ್ತದೆ, ಆದರೆ ಸುಲಭ. ಧನುರ್ಮಾಸದ ಬೆಳಗ್ಗೆ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪುಗಟ್ಟುತ್ತದೆ, ಎಳ್ಳೆಣ್ಣೆ ಹರಿಯುತ್ತದೆ. ಹಾಗೆಯೇ 'ಡಬ್ಲ್ಯು' ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಎಣ್ಣೆ ಸಲೀಸಾಗಿ ಹರಿಯುತ್ತದೆ. ಮುಂದಿನ ಅಂಕಿ ಇಂಜಿನ್ ಕಾದಾಗ ಎಣ್ಣೆ ಎಷ್ಟು ಮಂದವಾಗಿ ನಿಲ್ಲುತ್ತದೆ ಎಂಬುದನ್ನು ಹೇಳುತ್ತದೆ. "ಮಂದ ಇದ್ರೆ ಒಳ್ಳೇದು" ಎಂದು ಅಂಗಡಿಯವರು ಹೇಳಿದರೂ ಕೇಳಬೇಡಿ. ಪುಸ್ತಕದಲ್ಲಿ ಏನಿದೆಯೋ ಅದನ್ನೇ ಕೊಳ್ಳಿ. ಸೀಲು ಒಡೆಯದ ಡಬ್ಬಿಯೇ ಬೇಕು, ರಸೀತಿಯೂ ಬೇಕು.

ಹೆಂಗಸರಿಗೆ ಇದು ಒಗ್ಗುವ ಕೆಲಸವೇ?

ಕೇಳುವವರು ಕೇಳಿಯೇ ಕೇಳುತ್ತಾರೆ. ನನ್ನನ್ನೂ ಎದುರು ಮನೆಯಾಕೆ ಕೇಳಿದರು. ಅವರಿಗೆ ನಾನು ಹೇಳಿದ ಕಥೆಯನ್ನು ನಿಮಗೂ ಹೇಳುತ್ತೇನೆ.

1888ರ ಆಗಸ್ಟ್ ತಿಂಗಳು. ಜರ್ಮನಿಯ ಮ್ಯಾನ್‌ಹೈಮ್ ಎಂಬ ಊರು. ಮೋಟಾರು ಗಾಡಿ ಕಂಡುಹಿಡಿದ ಕಾರ್ಲ್ ಬೆಂಜ್ ಅವರ ಹೆಂಡತಿ ಬೆರ್ಥಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಆ ಗಾಡಿಯಲ್ಲಿ ತವರೂರು ಫೋರ್ಟ್ಸ್‌ಹೈಮಿಗೆ ಹೊರಟರು. ನೂರು ಕಿಲೋಮೀಟರಿನ ದಾರಿ. ನಾವು ಕನಕಪುರದಿಂದ ಬೆಂಗಳೂರಿಗೆ ಹೋಗಿ ಬಂದಷ್ಟು! ಜಗತ್ತಿನಲ್ಲಿ ಅಷ್ಟು ದೂರ ಮೋಟಾರಿನಲ್ಲಿ ಹೋದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದರು. ತಂತಿಯ ಮೇಲಿನ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿದರು. ಬ್ರೇಕಿನ ಮರ ಸವೆದಾಗ ಮೋಚಿಯ ಬಳಿ ಹೋಗಿ ಚರ್ಮ ಹೊಡೆಸಿದರು. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡರು. ಹಾಗಾದರೆ ದೂರದ ಪ್ರಯಾಣದ ಮೊತ್ತಮೊದಲ ಚಾಲಕಿ ಯಾರು? ದಾರಿಯಲ್ಲಿ ಗಾಡಿ ರಿಪೇರಿ ಮಾಡಿದ ಮೊದಲಿಗರು ಯಾರು? ಇಬ್ಬರು ಮಕ್ಕಳ ಜೊತೆ ತವರಿಗೆ ಹೊರಟ ಒಬ್ಬ ಗೃಹಿಣಿ!

ಇನ್ನೊಂದು ಕೇಳಿ. ಇಂಗ್ಲೆಂಡಿನ ರಾಣಿಯಾಗಿದ್ದ ಎರಡನೆಯ ಎಲಿಜಬೆತ್, ರಾಜಕುಮಾರಿಯಾಗಿದ್ದಾಗ, ಮಹಾಯುದ್ಧದ ಕೊನೆಯ ವರ್ಷವಾದ 1945ರಲ್ಲಿ ಮಹಿಳಾ ಸೇನಾದಳ ಸೇರಿ ಲಾರಿ ಓಡಿಸುವುದನ್ನೂ ಇಂಜಿನ್ ರಿಪೇರಿಯನ್ನೂ ಕಲಿತರು. ಅರಮನೆಯವರ ಕೈಗೆ ಮಸಿ ಹತ್ತಬಹುದಾದರೆ ನಮ್ಮ ನಿಮ್ಮ ಕೈಗೆ ಯಾಕಾಗದು?

ನಮ್ಮ ದೇಶದಲ್ಲಿ ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಅಲ್ಲಿಂದೀಚೆಗೆ ಕಾರು ಎಂಬುದು ಸಾಹುಕಾರರ ಪೋರ್ಟಿಕೋ ಇಳಿದು ಮಧ್ಯಮವರ್ಗದ ಅಂಗಳಕ್ಕೆ ಬಂದಿತು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೆ ಆಗ ಅಂಗಳಕ್ಕೆ ಬಂದ ಕಾರು ಮತ್ತೆ ಹೊರಗೆ ಹೋಗಲಿಲ್ಲ. ಅಂಗಳದಲ್ಲಿರುವುದು ಯಾವುದಾದರೂ ಅದರ ಯೋಗಕ್ಷೇಮ ಮನೆಯಾಕೆಯದೇ ತಾನೇ?

ಬೇಕಾಗುವ ಸಾಮಾನುಗಳು

ಅಡಿಗೆಗೆ ಮುಂಚೆ ಸಾಮಾನು ಹೊಂದಿಸಿಕೊಳ್ಳುವಂತೆ ಇದಕ್ಕೂ ಎಲ್ಲವನ್ನೂ ಮೊದಲೇ ಹತ್ತಿರ ಇಟ್ಟುಕೊಳ್ಳಿ.

ಪುಸ್ತಕದಲ್ಲಿ ಹೇಳಿದ ಎಣ್ಣೆ, ಹೇಳಿದ ಅಳತೆ (ಚಿಕ್ಕ ಕಾರಿಗೆ ಸುಮಾರು 3 ಲೀಟರ್ ಹಿಡಿಯುತ್ತದೆ).
ಹೊಸ ಆಯಿಲ್ ಫಿಲ್ಟರ್ 1 (ನಿಮ್ಮ ಕಾರಿನ ಮಾದರಿ, ವರ್ಷ ಹೇಳಿ ಕೊಳ್ಳಿ).
ಬೋಲ್ಟಿನ ಹೊಸ ವಾಷರ್ 1.
ಬೋಲ್ಟಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್ 1 (ಅಳತೆ ಕಾರಿನಿಂದ ಕಾರಿಗೆ ಬೇರೆ).
5 ಲೀಟರ್ ಹಿಡಿಯುವ ಅಗಲವಾದ ಹಳೆಯ ಪ್ಲಾಸ್ಟಿಕ್ ಟಬ್ಬು 1. ಮತ್ತೆ ಅದು ಬಚ್ಚಲಿಗೂ ಬೇಡ, ಅಡಿಗೆಮನೆಗೂ ಬೇಡ.
ಆಲಿಕೆ 1, ರಬ್ಬರ್ ಕೈಚೀಲ 1 ಜೊತೆ, ಹಳೆಯ ಬನಿಯನ್ ಬಟ್ಟೆ, ಹಳೆಯ ವೃತ್ತಪತ್ರಿಕೆ, ಒಂದು ಟಾರ್ಚು.
ಚೆಲ್ಲಿದರೆ ಹಾಕಲು ಒಂದು ಮೊರ ಮರದ ಹೊಟ್ಟು ಅಥವಾ ಮರಳು.

ಉಡುಪಿನ ಬಗ್ಗೆ ಒಂದು ಮಾತು. ಸೀರೆ, ದುಪ್ಪಟ್ಟ ಬೇಡವೇ ಬೇಡ. ನಾನು ಯಜಮಾನರ ಹಳೆಯ ಪ್ಯಾಂಟು ಷರ್ಟು ಹಾಕಿಕೊಂಡೆ. ಬಳೆ ತೆಗೆದಿಡಿ, ಸರವನ್ನು ಒಳಗೆ ಸೇರಿಸಿ, ಜಡೆಯನ್ನು ತುರುಬು ಕಟ್ಟಿ. ಅತ್ತೆ ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ಬೇರೆ ಮಾತು!

ಮೊದಲು ಜೀವ, ಆಮೇಲೆ ಕಾರು

ಇದನ್ನು ಎರಡು ಸಲ ಓದಿ. ಬರೀ ಜಾಕಿನ ಮೇಲೆ ನಿಂತಿರುವ ಕಾರಿನ ಕೆಳಗೆ ತಲೆ, ಕೈ, ಕಾಲು ಯಾವುದನ್ನೂ ಹಾಕಬಾರದು. ಕಾರಿನ ಜೊತೆ ಕೊಡುವ ಜಾಕು ಚಕ್ರ ಬದಲಿಸುವುದಕ್ಕೆ ಮಾತ್ರ. ಅದು ಜಾರಿದರೆ ಮುಗಿಯಿತು. ಇಟ್ಟಿಗೆ, ಹಾಲೋ ಬ್ಲಾಕುಗಳನ್ನು ಜೋಡಿಸಿ ನಿಲ್ಲಿಸುವುದೂ ಬೇಡ, ಅವು ಇದ್ದಕ್ಕಿದ್ದಂತೆ ಸೀಳಿಬಿಡುತ್ತವೆ. ಕಾರಿನ ಭಾರ ತಡೆಯುವ ಗಟ್ಟಿಯಾದ ಇಳಿಜಾರು ರ‍್ಯಾಂಪು ಅಥವಾ ಸ್ಟ್ಯಾಂಡುಗಳೇ ಬೇಕು. ಡಿಪೊ ಮಾವನವರ ಹತ್ತಿರ ಒಂದು ಜೊತೆ ರ‍್ಯಾಂಪು ಇತ್ತು. ಮುಂದಿನ ಎರಡು ಚಕ್ರ ಅದರ ಮೇಲಿನ ಸಮತಟ್ಟಿಗೆ ಹತ್ತಬೇಕು. ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಡಬೇಕು. ಕೀಲಿಕೈ ನಿಮ್ಮ ಜೇಬಿನಲ್ಲೇ ಇರಲಿ. ನೀವು ಕೆಳಗಿರುವಾಗ ಮಕ್ಕಳು ಕೀಲಿ ತಿರುವಿದರೆ? ಹತ್ತಿರದಲ್ಲಿ ದೊಡ್ಡವರೊಬ್ಬರು ನಿಂತಿರಲಿ. ಒಬ್ಬಂಟಿಯಾಗಿ ಮಾಡಬೇಡಿ.

ರ‍್ಯಾಂಪೂ ಇಲ್ಲ, ತಿಳಿದವರೂ ಇಲ್ಲ ಎಂದಾದರೆ? ಗ್ಯಾರೇಜಿಗೇ ಹೋಗಿ, ಅವಮಾನವೇನಿಲ್ಲ. ಆದರೆ ಹತ್ತಿರ ನಿಂತು ನೋಡಿ. ಹೊಸ ಡಬ್ಬಿಯ ಸೀಲು ನಿಮ್ಮೆದುರಿಗೇ ಒಡೆಯಲಿ, ಬೋಲ್ಟು ಬಿಗಿದರೇ ಎಂದು ಬಾಯಿಬಿಟ್ಟು ಕೇಳಿ. ಹೊಸ ಕಾರಾಗಿದ್ದು ಇನ್ನೂ ವಾರಂಟಿ ಇದ್ದರೂ ಅಷ್ಟೇ, ಅದರ ಷರತ್ತು ಓದದೆ ಕೈ ಹಾಕಬೇಡಿ. ಇನ್ನು ಬ್ಯಾಟರಿ ಕಾರಿನವರಿಗೆ ಈ ರಗಳೆಯೇ ಇಲ್ಲ, ಅದಕ್ಕೆ ಇಂಜಿನ್ ಆಯಿಲೇ ಬೇಡ!

ಮಾಡುವ ವಿಧಾನ

ಇಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಬಿಡಿ. ಬೆಚ್ಚಗಿನ ಎಣ್ಣೆ ಕೊಳೆಯನ್ನೂ ಕರೆದುಕೊಂಡು ಸಲೀಸಾಗಿ ಇಳಿಯುತ್ತದೆ. ಆದರೆ ದೂರ ಓಡಿಸಿ ಬಂದ ಕೂಡಲೇ ಬಿಚ್ಚಿದರೆ ಕೈ ಸುಟ್ಟೀತು, ಜೋಕೆ. ಬಾನೆಟ್ಟೆತ್ತಿ, ಎಣ್ಣೆ ಹಾಕುವ ಮೇಲಿನ ಮುಚ್ಚಳವನ್ನು ಬಿಚ್ಚಿಡಿ.

ಈಗ ಕೆಳಗೆ. ಇಂಜಿನ್ನಿನ ತಳದಲ್ಲಿರುವ ತಟ್ಟೆಯಂಥ ಭಾಗಕ್ಕೆ ಸಂಪ್ ಎನ್ನುತ್ತಾರೆ. ಅದರಲ್ಲಿರುವ ಬೋಲ್ಟೇ ನಮಗೆ ಬೇಕಾದದ್ದು. ಪಕ್ಕದಲ್ಲೇ ಗೇರುಪೆಟ್ಟಿಗೆಗೂ ಅಂಥದೇ ಬೋಲ್ಟಿರುತ್ತದೆ, ಅದನ್ನು ಬಿಚ್ಚಿಬಿಟ್ಟೀರಿ! ಪುಸ್ತಕದ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಟಬ್ಬನ್ನು ಅಡಿಗಿಟ್ಟು, ಸ್ಪ್ಯಾನರಿನಿಂದ ಬೋಲ್ಟು ಸಡಿಲಿಸಿ. ಬೋಲ್ಟಿನ ತಲೆಗೆ ಮುಖ ಕೊಟ್ಟು ನೋಡಿದಾಗ ಉಪ್ಪಿನಕಾಯಿ ಸೀಸೆಯ ಮುಚ್ಚಳ ಬಿಚ್ಚುವ ದಿಕ್ಕೇ, ಅಂದರೆ ಎಡಕ್ಕೆ. ನಾನು ಮಲಗಿಕೊಂಡು ದಿಕ್ಕು ತಪ್ಪಿ ಬಲಕ್ಕೇ ತಿರುವುತ್ತಿದ್ದೆ. "ಬಿಚ್ತಿದ್ದೀಯೋ ಬಿಗೀತಿದ್ದೀಯೋ?" ಎಂದು ಮೇಲಿನಿಂದ ಡಿಪೊ ಮಾವನ ದನಿ ಬಂತು!

ಸಡಿಲವಾದ ಮೇಲೆ ಕೈಯಿಂದ ತಿರುವುತ್ತಾ, ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡೇ ಕೊನೆಯ ಸುತ್ತು ಬಿಡಿಸಿ, ಸರಕ್ಕನೆ ಕೈ ಪಕ್ಕಕ್ಕೆ ತೆಗೆಯಿರಿ. ನಾನು ತಡಮಾಡಿದೆ. ಎಣ್ಣೆ ಮೊಣಕೈವರೆಗೆ ಇಳಿಯಿತು, ಬೋಲ್ಟು ಟಬ್ಬಿನೊಳಗೆ ಬಿತ್ತು. ಆ ಎಣ್ಣೆಯ ಬಣ್ಣ ನೋಡಬೇಕಿತ್ತು ನೀವು. ಕಾಡಿಗೆ! ಬರೀ ನೀರಿನ ಹಾಗೆ ತೆಳ್ಳಗೆ ಬೇರೆ. ಕಾಲು ಗಂಟೆ, ಇಪ್ಪತ್ತು ನಿಮಿಷ ತೊಟ್ಟು ತೊಟ್ಟಾಗಿ ಇಳಿಯಲು ಬಿಡಿ. ಅಷ್ಟರಲ್ಲಿ ಬೋಲ್ಟನ್ನು ಒರೆಸಿ ಹೊಸ ವಾಷರ್ ಹಾಕಿಡಿ. ಹಳೆಯದೇ ಸಾಕಲ್ಲ ಎನ್ನಬೇಡಿ. ಹಳತಾದ ಗ್ಯಾಸ್ಕೆಟ್ ಹಾಕಿದರೆ ಕುಕ್ಕರ್ ಸುತ್ತಲೂ ಸೋರುವುದಿಲ್ಲವೇ? ಇದೂ ಹಾಗೆಯೇ.

ಬೋಲ್ಟನ್ನು ಹಿಂದಕ್ಕೆ ಹಾಕುವಾಗ ಮೊದಲ ಐದಾರು ಸುತ್ತು ಕೈಬೆರಳಿನಲ್ಲೇ ತಿರುವಿ. ಅಡ್ಡವಾಗಿ ಕೂತರೆ ಮರೆ ಹಾಳಾಗುತ್ತದೆ. ಆಮೇಲೆ ಸ್ಪ್ಯಾನರಿನಿಂದ ಗಟ್ಟಿಯಾಗಿ ಬಿಗಿಯಿರಿ, ಆದರೆ ಮೈಯ ಬಲವೆಲ್ಲ ಹಾಕಬೇಡಿ. ಸಡಿಲವಾದರೆ ಸೋರುತ್ತದೆ, ಅತಿಯಾದರೆ ಮರೆ ಕಿತ್ತು ಸಂಪನ್ನೇ ಬದಲಿಸಬೇಕಾದೀತು. ಮೊದಲ ಸಲ ಈ ಹದವನ್ನು ತಿಳಿದವರ ಕೈಯಲ್ಲಿ ಒಮ್ಮೆ ಪರೀಕ್ಷಿಸಿ. ನನ್ನದನ್ನು ಡಿಪೊ ಮಾವ ತಾವೇ ಸ್ಪ್ಯಾನರ್ ಇಟ್ಟು ನೋಡಿ ತಲೆಯಾಡಿಸಿದರು. ಕೈ ಹಾಕುವುದಿಲ್ಲ ಎಂದಿದ್ದವರು ಹಾಕಿದ್ದು ಅದೊಂದೇ ಸಲ.

ಈಗ ಫಿಲ್ಟರು. ಕಾಫಿ ಫಿಲ್ಟರಿಗೆ ನಿನ್ನೆಯ ಚರಟದ ಮೇಲೇ ಹೊಸ ಪುಡಿ ಹಾಕುತ್ತೀರಾ? ಇಲ್ಲ. ಆದ್ದರಿಂದ ಇದನ್ನೂ ಬದಲಿಸಿ. ಅನೇಕ ಕಾರುಗಳಲ್ಲಿ ಅದು ತಗಡಿನ ಚಿಕ್ಕ ಡಬ್ಬಿಯ ಹಾಗಿರುತ್ತದೆ. ಟಬ್ಬನ್ನು ಅದರ ಅಡಿಗೆ ಸರಿಸಿ, ಒರಟು ಬಟ್ಟೆ ಸುತ್ತಿ ಎಡಕ್ಕೆ ತಿರುವಿ ತೆಗೆಯಿರಿ. ಅದರಲ್ಲೂ ಎಣ್ಣೆ ತುಂಬಿರುತ್ತದೆ. ಹಳೆಯ ಫಿಲ್ಟರಿನ ರಬ್ಬರ್ ಬಳೆ ಅದರ ಜೊತೆಗೇ ಬಂತೇ, ಇಂಜಿನ್ನಿಗೇ ಅಂಟಿಕೊಂಡಿದೆಯೇ ನೋಡಿ. ಹಳೆಯ ಬಳೆಯ ಮೇಲೆ ಹೊಸ ಬಳೆ ಕೂತರೆ ಎಣ್ಣೆಯೆಲ್ಲ ಅಲ್ಲಿಂದ ಹೊರಬೀಳುತ್ತದೆ. ಹೊಸ ಫಿಲ್ಟರಿನ ಬಳೆಗೆ ಬೆರಳಿನಿಂದ ಒಂದಿಷ್ಟು ಹೊಸ ಎಣ್ಣೆ ಸವರಿ, ಕೈಯಿಂದಲೇ ತಿರುವಿ. ಬಳೆ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು, ಅಷ್ಟು ಸಾಕು. ಸರಿಯಾದ ಅಳತೆ ಫಿಲ್ಟರಿನ ಮೇಲೇ ಬರೆದಿದ್ದರೆ ಹಾಗೆಯೇ ಮಾಡಿ.

ಇನ್ನು ಮೇಲಿನಿಂದ ಆಲಿಕೆಯಿಟ್ಟು ಹೊಸ ಎಣ್ಣೆ. ಜೇನುತುಪ್ಪದ ಬಣ್ಣ! ಪುಸ್ತಕದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ ಮುಚ್ಚಳ ಹಾಕಿ. ಇಂಜಿನ್ ಹಚ್ಚಿ. ಕೆಂಪು ದೀಪ ಕೆಲವೇ ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ಕೂಡಲೇ ನಿಲ್ಲಿಸಿ. ಆರಿದರೆ ಒಂದೆರಡು ನಿಮಿಷ ಓಡಿಸುತ್ತ, ಬೋಲ್ಟಿನ ಹತ್ತಿರ, ಫಿಲ್ಟರಿನ ಹತ್ತಿರ ಎಲ್ಲಾದರೂ ಜಿನುಗುತ್ತಿದೆಯೇ ಎಂದು ಹೊರಗಿನಿಂದಲೇ ಟಾರ್ಚು ಬಿಟ್ಟು ನೋಡಿ. ನಂತರ ಕಾರನ್ನು ಸಮತಟ್ಟಾದ ನೆಲಕ್ಕಿಳಿಸಿ, ನಿಲ್ಲಿಸಿ, ಐದು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಕಡ್ಡಿಯನ್ನು ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆದು ನೋಡಿ. ಎರಡು ಗುರುತಿನ ನಡುವೆ, ಮೇಲಿನ ಗುರುತಿಗೆ ಹತ್ತಿರ ಇರಬೇಕು. ಕಡಿಮೆಯಿದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ. ಉಪ್ಪಿನ ಹಾಗೆ, ಕಡಿಮೆಯಾದರೆ ಸೇರಿಸಬಹುದು, ಹೆಚ್ಚಾದರೆ ತೆಗೆಯುವುದು ಕಷ್ಟ. "ಇನ್ನೊಂಚೂರು ಇರಲಿ" ಎಂದು ಗುರುತು ದಾಟಿಸಿದರೆ ಒಳಗಿನ ದಂಡ ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತದೆ. ನೊರೆಗೆ ಕಬ್ಬಿಣವನ್ನು ಕಾಯುವ ಶಕ್ತಿಯಿಲ್ಲ.

ನಾನು ಎಲ್ಲ ಮಾಡಿ, ಬೀಗುತ್ತಾ ಕೈ ತೊಳೆಯಲು ಹೊರಟೆ. "ಇದ್ಯಾರ್ದು?" ಎಂದು ಅತ್ತೆ ಕೇಳಿದರು. ಕಡ್ಡಿ ನೋಡಿ ಕೊನೆಯ ತೊಟ್ಟು ಹಾಕಲು ಎರಡನೆಯ ಸಲ ಬಿಚ್ಚಿದ್ದ ಮೇಲಿನ ಮುಚ್ಚಳ ಅವರ ಕೈಯಲ್ಲಿತ್ತು! ಹಾಗೇ ಹೊರಟಿದ್ದರೆ ಎಣ್ಣೆ ಬಾನೆಟ್ಟಿನ ತುಂಬ ಎರಚುತ್ತಿತ್ತು. ಆದ್ದರಿಂದ ಕೊನೆಯಲ್ಲಿ ಬೆರಳು ಮಡಚಿ ಎಣಿಸಿ: ಬೋಲ್ಟು, ಫಿಲ್ಟರು, ಕಡ್ಡಿ, ಮುಚ್ಚಳ. ನಾಲ್ಕು.

ಹಳೆಯ ಎಣ್ಣೆಯನ್ನು ಏನು ಮಾಡುವುದು?

ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮ ಕಡೆ ಹಳೆಯ ಎಣ್ಣೆಯನ್ನು ಗೆದ್ದಲಿಗೆಂದು ಕಂಬಕ್ಕೆ ಬಳಿಯುವವರಿದ್ದಾರೆ, ಚರಂಡಿಗೆ ಚೆಲ್ಲುವವರೂ ಇದ್ದಾರೆ. ಚರಂಡಿಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ? ನಮ್ಮ ಊರಿನ ಬಳಿ ಹರಿಯುವುದು ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ, ಬೆಂಗಳೂರಿನ ಕಡೆಯ ಕೊಳೆಯನ್ನೆಲ್ಲ ಹೊತ್ತು, ಸಂಗಮದಲ್ಲಿ ಕಾವೇರಿಯನ್ನು ಸೇರುವ ಹೊಳೆ. ಆ ತಾಯಿಗೆ ನಾವೂ ಒಂದು ಟಬ್ಬು ವಿಷ ಸುರಿಯುವುದೇ? ಒಂದು ಕಾರಿನಿಂದ ಒಂದು ಸಲ ತೆಗೆದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲುದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ 2016ರ ನಿಯಮಗಳೂ ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸುತ್ತವೆ. ಅದನ್ನು ಶುದ್ಧಿಮಾಡಿ ಮತ್ತೆ ಬಳಸಲು ಬರುತ್ತದೆ. 2024ರ ಏಪ್ರಿಲ್ 1ರಿಂದ, ಎಣ್ಣೆ ತಯಾರಿಸುವವರೂ ಆಮದು ಮಾಡುವವರೂ ಇಂತಿಷ್ಟು ಹಳೆಯ ಎಣ್ಣೆ ಹೀಗೆ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳಬೇಕೆಂಬ ನಿಯಮವೂ ಬಂದಿದೆ.

ನೀವು ಮಾಡಬೇಕಾದದ್ದು ಇಷ್ಟೇ. ಹಳೆಯ ಎಣ್ಣೆಯನ್ನು ಈಗ ಖಾಲಿಯಾದ ಡಬ್ಬಿಗೇ ಆಲಿಕೆಯಿಟ್ಟು ತುಂಬಿ. ನೀರು, ಸೀಮೆಎಣ್ಣೆ ಯಾವುದನ್ನೂ ಬೆರೆಸಬೇಡಿ. ಹಳೆಯ ಫಿಲ್ಟರನ್ನು ಬೋರಲು ಹಾಕಿ ಎಣ್ಣೆ ಇಳಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಎರಡನ್ನೂ, ಹಳೆಯ ಎಣ್ಣೆಯನ್ನು ಮರುಬಳಕೆಗೆ ಒಪ್ಪಿಸುವ ದೊಡ್ಡ ಸರ್ವೀಸ್ ಸ್ಟೇಷನ್ನಿಗೆ ಕೊಟ್ಟುಬಿಡಿ. ಕೊಡುವ ಮುಂಚೆ "ಇದನ್ನ ಯಾರಿಗೆ ಕೊಡ್ತೀರಿ?" ಎಂದು ಕೇಳಿ. ಒಲೆಗೆ, ಭಟ್ಟಿಗೆ ಉರಿಸಲು ಯಾರು ಕೇಳಿದರೂ ಕೊಡಬೇಡಿ, ಆ ಹೊಗೆ ಕೆಟ್ಟದ್ದು.

ಕೈಗೂ ಅಷ್ಟೇ. ಬಳಸಿದ ಎಣ್ಣೆ ಪದೇ ಪದೇ ಮೈಗೆ ತಾಗುತ್ತಿದ್ದರೆ ಚರ್ಮದ ರೋಗ ಬರುತ್ತದೆ, ಕ್ಯಾನ್ಸರಿನ ಭಯವೂ ಉಂಟು. ಕೈಚೀಲ ಹಾಕಿಯೇ ಮಾಡಿ. ತಾಗಿದರೆ ಪೆಟ್ರೋಲು, ಸೀಮೆಎಣ್ಣೆಯಿಂದ ತೊಳೆಯಬೇಡಿ. ಮೊದಲು ಒಣ ಬಟ್ಟೆಯಲ್ಲಿ ಒರೆಸಿ, ಅಡಿಗೆ ಎಣ್ಣೆಯನ್ನೋ ಸಕ್ಕರೆಯನ್ನೋ ಹಚ್ಚಿ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಎಣ್ಣೆ ಬಟ್ಟೆಗಳನ್ನು ಒಲೆಯ ಹತ್ತಿರ ಇಡಬೇಡಿ.

ಉಳಿದದ್ದೇನು?

ಉಳಿತಾಯ ಎಷ್ಟು ಎಂದು ಕೇಳುತ್ತೀರಾ? ನಿಜ ಹೇಳಬೇಕೆಂದರೆ ಹೆಚ್ಚೇನಿಲ್ಲ. ಎಣ್ಣೆ, ಫಿಲ್ಟರಿಗೆ ಕೊಡುವುದನ್ನು ಕೊಡಲೇಬೇಕು. ಉಳಿಯುವುದು ಮಜೂರಿ ಮಾತ್ರ, ಅದೂ ಮೊದಲ ವರ್ಷ ಸ್ಪ್ಯಾನರು, ಆಲಿಕೆಗೆ ಹೋಗುತ್ತದೆ. ನನಗೆ ಸಿಕ್ಕ ಲಾಭ ಬೇರೆ. ಆ ತಿಂಗಳು ಅತ್ತೆಯವರನ್ನು ಮತ್ತೆ ಬೆಂಗಳೂರಿಗೆ ಕರೆದೊಯ್ದಾಗ ನನ್ನ ಎದೆ ಹೊಡೆದುಕೊಳ್ಳಲಿಲ್ಲ. ಬೋಲ್ಟು ಬಿಗಿದಿರುವುದು ನನಗೆ ಗೊತ್ತಿತ್ತು, ಬಿಗಿದ ಕೈ ನನ್ನದೇ ಆಗಿತ್ತು. ಆ ಶನಿವಾರ ಊರಿಗೆ ಬಂದ ಯಜಮಾನರು ಕಡ್ಡಿ ಎಳೆದು ನೋಡಿ, "ಯಾವ ಗ್ಯಾರೇಜಿಗೆ ಬಿಟ್ಟಿದ್ದೆ? ಚೆನ್ನಾಗಿ ಮಾಡಿದ್ದಾರೆ" ಎಂದರು. ಅತ್ತೆ ಒಳಗಿನಿಂದಲೇ, "ನಮ್ಮ ಮನೆ ಗ್ಯಾರೇಜು ಕಣಪ್ಪ!" ಎಂದರು.

ಎಣ್ಣೆ ಬದಲಿಸಿದ ತಾರೀಕು, ಆಗಿನ ಕಿಲೋಮೀಟರು ಎರಡನ್ನೂ ಹಾಲಿನ ಲೆಕ್ಕದ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಬೆಳಗ್ಗೆ ರಂಗೋಲಿ ಬಿಡುವಾಗ ಕಾರಿನ ಅಡಿಯ ನೆಲವನ್ನೂ ಒಮ್ಮೆ ನೋಡಿ. ಕಪ್ಪು ಚುಕ್ಕೆ ಕಂಡರೆ ತೊಳೆಯುವ ಮುಂಚೆ ಕಾರಣ ಹುಡುಕಿ. ಅನುಮಾನವಿದ್ದರೆ ರಾತ್ರಿ ಒಂದು ಹಳೆಯ ವೃತ್ತಪತ್ರಿಕೆ ಹಾಸಿಡಿ, ಬೆಳಗ್ಗೆ ಅದೇ ಸಾಕ್ಷಿ ಹೇಳುತ್ತದೆ. ಗಿಂಡಿಯ ಕೆಂಪು ದೀಪ ಓಡುವಾಗ ಹತ್ತಿದರೆ ಎಷ್ಟೇ ಅವಸರವಿರಲಿ, ಪಕ್ಕಕ್ಕೆ ತಂದು ಇಂಜಿನ್ ನಿಲ್ಲಿಸಿ.

ಎಣ್ಣೆ ಬದಲಿಸುವುದು ಸದ್ಯಕ್ಕೆ ಬೇಡ ಎನಿಸಿದರೆ ಕಡ್ಡಿ ನೋಡುವುದನ್ನಾದರೂ ಕಲಿಯಿರಿ. ಎರಡು ನಿಮಿಷದ ಕೆಲಸ, ಒಂದು ಹಳೆಯ ಬಟ್ಟೆ ಸಾಕು. ಯಾವಾಗ ನೋಡಬೇಕು, ನೆನಪಿರುವುದಿಲ್ಲ ಎನ್ನುವಿರಾ? ಹದಿನೈದು ದಿನಕ್ಕೊಮ್ಮೆ ಈ ಪತ್ರಿಕೆ ನಿಮ್ಮ ಮನೆಗೆ ಬರುತ್ತದಲ್ಲ, ಅದು ಬಂದ ದಿನವೇ ನೋಡಿಬಿಡಿ. ಮೊದಲು ಕಡ್ಡಿ, ಆಮೇಲೆ ಹೊಸ ರುಚಿ!